ತಲೆಯೊಳಗಿನ ರಕ್ತದ ಓಟ ನೋಡಿದ ಸ್ಕ್ಯಾನ್: ನನ್ನ ಅನುಭವ

ನಾನು ತುಮಕೂರಿನಲ್ಲಿ ಕನ್ನಡ ಟೀಚರ್. ಮಾರ್ಚ್‌ನಲ್ಲಿ ಪಾಠ ಮಾಡುತ್ತಿದ್ದಾಗಲೇ ಫಿಟ್ಸ್ ಬಂತು. ಮೆದುಳಿನ ಎಡಗಡೆ, ಮುಂಭಾಗದಲ್ಲಿ ಗೆಡ್ಡೆ ಇದೆ ಅಂದರು. ಆಪರೇಷನ್‌ಗೆ ಮುಂಚೆ ಮಾತಿನ ಜಾಗ ಎಲ್ಲಿದೆ ಎಂದು ಗೊತ್ತಾಗಬೇಕು, ಅದಕ್ಕೆ ಫಂಕ್ಷನಲ್ ಎಂಆರ್‌ಐ (ಮೆದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್) ಮಾಡಿಸಿ ಎಂದರು.

ಮೊದಲು ಹೋದ ಕಡೆ ಬೇಜಾರಾಯಿತು. ಮಾತಿನ ಜಾಗ ಹುಡುಕಲು ಪರದೆಯ ಮೇಲೆ ಪದ ತೋರಿಸುತ್ತಾರೆ, ಅಲ್ಲಿದ್ದದ್ದು ಬರೀ ಇಂಗ್ಲಿಷ್ ಪದಗಳು. ಕನ್ನಡದಲ್ಲಿ ಇಲ್ವಾ ಎಂದರೆ, 'ಯಾವುದಾದರೂ ನಡೆಯುತ್ತೆ' ಎಂದರು. ನಾನು ದಿನವಿಡೀ ಮಾತಾಡುವುದು ಕನ್ನಡ. ಉಳಿಸಿಕೊಳ್ಳಬೇಕಾದ್ದು ಅದೇ ಅಲ್ವಾ? ಸರ್ಜನ್‌ಗೆ ಹೇಳಿದೆ. ಅವರು ಬೇರೆ ಕಡೆಗೆ ಬರೆದುಕೊಟ್ಟರು.

ಎರಡನೆಯ ಕಡೆ ಇದ್ದವರು ಇದರಲ್ಲೇ ಸಂಶೋಧನೆ ಮಾಡುವ ಹುಡುಗಿ. ತಾಳಿ, ಬಳೆ, ಹೇರ್‌ಪಿನ್ ಎಲ್ಲ ತೆಗೆಸಿ, ಅರ್ಧ ಗಂಟೆ ಕೂರಿಸಿಕೊಂಡು ಕನ್ನಡದಲ್ಲೇ ಅಭ್ಯಾಸ ಮಾಡಿಸಿದರು. 'ಕ' ಕಂಡರೆ ಕ ದಿಂದ ಶುರುವಾಗುವ ಪದಗಳನ್ನು ಮನಸ್ಸಿನಲ್ಲೇ ಹೇಳಬೇಕು. ಬಾಯಿ ಅಲ್ಲಾಡಿದರೆ ತಲೆಯೂ ಅಲ್ಲಾಡುತ್ತದೆ, ಚಿತ್ರ ಕೆಡುತ್ತದೆ. ಅರ್ಧ ನಿಮಿಷ ಪದ, ಅರ್ಧ ನಿಮಿಷ ಸುಮ್ನೆ ಇರುವುದು.

ಅಷ್ಟು ಹೊತ್ತು ಯಾಕೆ ಎಂದು ಕೇಳಿದೆ. 'ಮೆದುಳಿನ ಕೆಲಸ ಈ ಯಂತ್ರಕ್ಕೆ ನೇರವಾಗಿ ಕಾಣಲ್ಲ ಮೇಡಂ. ಅಲ್ಲಿಗೆ ಓಡಿ ಬರುವ ರಕ್ತದ ಪರಿಣಾಮ ಮಾತ್ರ ಕಾಣುತ್ತೆ. ಅದು ಏರೋಕೆ ಐದಾರು ಸೆಕೆಂಡ್ ಬೇಕು' ಎಂದರು. ನಮ್ಮ ಶಾಲೆಯ ಬಿಸಿಯೂಟ ನೆನಪಾಯಿತು. ಮಕ್ಕಳು ತಿನ್ನುವುದಕ್ಕಿಂತ ಜಾಸ್ತಿ ಅನ್ನ ಬರುತ್ತದೆ. ಇಲ್ಲೂ ಹಾಗೇ, ಖರ್ಚಾಗುವುದಕ್ಕಿಂತ ಜಾಸ್ತಿ ಆಮ್ಲಜನಕ ಬಂದು ಸೇರುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತ ಅಯಸ್ಕಾಂತದ ಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ. ಅಂಥ ರಕ್ತ ಕಡಿಮೆಯಾದಾಗ ಸಿಗ್ನಲ್ ಚೂರು ಏರುತ್ತದೆ, ನೂರಕ್ಕೆ ಒಂದೆರಡು ಪಾಲು ಅಷ್ಟೇ. 1990ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸೇಜಿ ಒಗಾವಾ ಮತ್ತು ಜೊತೆಗಾರರು ಇಲಿಗಳ ಮೆದುಳಿನಲ್ಲಿ ಇದನ್ನು ತೋರಿಸಿದರಂತೆ.

ನನಗೆ ತುಂಬ ಹಿಡಿಸಿದ್ದು ಕೊನೆಯ ಪರೀಕ್ಷೆ. ಹದಿನೈದು ಸೆಕೆಂಡ್ ಉಸಿರು ಬಿಗಿಹಿಡಿಯಬೇಕು, ಆಮೇಲೆ ಬಿಡಬೇಕು, ಹೀಗೆ ಆರು ಸಲ. ಉಸಿರು ಹಿಡಿದರೆ ಮೆದುಳಿಗೆಲ್ಲ ರಕ್ತದ ಹರಿವು ಹೆಚ್ಚುತ್ತದೆ. ಗೆಡ್ಡೆಯ ಸುತ್ತಲಿನ ರಕ್ತನಾಳ ಕೆಟ್ಟಿದ್ದರೆ ಅಲ್ಲಿ ಮಾತ್ರ ಹೆಚ್ಚುವುದಿಲ್ಲ. ಆಗ ಮಾತಿನ ಜಾಗ ಕೆಲಸ ಮಾಡುತ್ತಿದ್ದರೂ ಚಿತ್ರದಲ್ಲಿ ಖಾಲಿ ಕಾಣಬಹುದು. ಆ ಖಾಲಿಯನ್ನು ನಂಬಿ ಕತ್ತರಿಸಿದರೆ ಏನು ಗತಿ! ನನ್ನ ಚಿತ್ರದಲ್ಲಿ ಗೆಡ್ಡೆಯ ಹಿಂದೆ ಅಂಥ ಒಂದು ಜಾಗ ಸಿಕ್ಕಿತು. ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ.

ಒಳಗೆ ಸದ್ದು ವಿಪರೀತ, ಕಿವಿಗೆ ಹತ್ತಿ ಸಾಲದು, ಇಯರ್‌ಪ್ಲಗ್ ಕೇಳಿ ಹಾಕಿಸಿಕೊಳ್ಳಿ. ಚಳಿಯೂ ಇದೆ, ಹೊದಿಕೆ ಕೊಡುತ್ತಾರೆ. ಸರದಿಗಾಗಿ ಕಾಯಿಸಿದ್ದಕ್ಕೆ ಒಂದು ಅಂಕ ಕಳೆದು ಈ ಎರಡನೆಯ ಕಡೆಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಬುಕ್ ಮಾಡುವಾಗಲೇ ಎರಡು ವಿಷಯ ಕೇಳಿ: ಪದಗಳು ಕನ್ನಡದಲ್ಲಿ ಇವೆಯಾ, ಉಸಿರಿನ ಪರೀಕ್ಷೆ ಮಾಡುತ್ತಾರಾ.

ಆ ಖಾಲಿ ಜಾಗಕ್ಕಾಗಿ ಆಪರೇಷನ್ ಮಧ್ಯೆ ನನ್ನನ್ನು ಎಚ್ಚರವಾಗಿಟ್ಟು ಮಾತಾಡಿಸುತ್ತಾರೆ. ತೋರಿಸಲು ಒಂದನೇ ತರಗತಿಯ ನಮ್ಮ ಚಿತ್ರಪಟಗಳನ್ನೇ ಸರ್ಜನ್‌ಗೆ ಕೊಟ್ಟು ಬಂದಿದ್ದೇನೆ.