ಹ್ಯಾಷ್, ಹಿಸ್ಟರಿ ಎಪಿಐ, ಸರ್ವರ್ ರೆಂಡರಿಂಗ್: ವೆಬ್ ಅಪ್ಲಿಕೇಶನ್ನಿನ ಪುಟಗಳಿಗೆ ಯಾವ ಬಗೆಯ ವಿಳಾಸ?

ಜಾವಾಸ್ಕ್ರಿಪ್ಟ್ ಆಧಾರಿತ ಅಪ್ಲಿಕೇಶನ್ನಿನಲ್ಲಿ ಬಳಕೆದಾರರು ಎಷ್ಟೇ ಪರದೆಗಳನ್ನು ದಾಟಿ ಹೋದರೂ ಬ್ರೌಸರಿನ ವಿಳಾಸಪೆಟ್ಟಿಗೆ ಮೊದಲ ಪುಟದ ಯುಆರ್‌ಎಲ್ಲನ್ನೇ ತೋರಿಸುತ್ತಿದ್ದರೆ, ಬುಕ್‌ಮಾರ್ಕ್ ಅವರನ್ನು ಮತ್ತೆ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಒಳಗೆ ಬೇರೆ ಪುಟಗಳಿವೆ ಎಂಬುದು ಸರ್ಚ್ ಎಂಜಿನ್ನಿಗೂ ತಿಳಿಯುವುದಿಲ್ಲ. ಈ ಎರಡು ತೊಂದರೆಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿ. ಆದರೆ ಪುಸ್ತಕಗಳ ಪಟ್ಟಿ, ವಿಷಯವಾರು ಸೋಸುವ ಸೌಲಭ್ಯ ಮತ್ತು ಪ್ರತಿ ಪುಸ್ತಕಕ್ಕೊಂದು ವಿವರಪುಟ ಇರುವ ಒಂದೇ ಅಪ್ಲಿಕೇಶನ್ನನ್ನು ಮೂರು ವಿಧಾನಗಳಲ್ಲಿ ಕಟ್ಟಿ ನೋಡಿದಾಗ, ಮೊದಲನೆಯದು ಬ್ರೌಸರಿನೊಳಗೇ ಬಗೆಹರಿಯುತ್ತದೆ, ಎರಡನೆಯದು ಸರ್ವರಿನ ನೆರವಿಲ್ಲದೆ ಪೂರ್ತಿ ಬಗೆಹರಿಯುವುದಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು.

ಎಲ್ಲಕ್ಕಿಂತ ಸುಲಭವಾದದ್ದು ಹ್ಯಾಷ್ (#) ವಿಧಾನ. ವಿಳಾಸದ ಕೊನೆಗೆ ‘#/ಪುಸ್ತಕ/42’ ಎಂಬಂಥ ತುಣುಕನ್ನು ಸೇರಿಸಿ, ಅದು ಬದಲಾದಾಗ ಬರುವ ಹ್ಯಾಷ್‌ಚೇಂಜ್ ಈವೆಂಟಿಗೆ (ಬ್ರೌಸರ್ ಕೊಡುವ ಸೂಚನೆಗೆ) ತಕ್ಕಂತೆ ಪರದೆಯನ್ನು ಬದಲಿಸಿದರೆ ಸಾಕು. ಬ್ಯಾಕ್ ಗುಂಡಿ ತಾನಾಗಿಯೇ ಕೆಲಸ ಮಾಡುತ್ತದೆ, ಬುಕ್‌ಮಾರ್ಕ್ ಸರಿಯಾದ ಪುಸ್ತಕಕ್ಕೇ ಒಯ್ಯುತ್ತದೆ, ಸರ್ವರಿನಲ್ಲಿ ಏನನ್ನೂ ಮುಟ್ಟಬೇಕಿಲ್ಲ. ಆದರೆ ಹ್ಯಾಷ್ ಚಿಹ್ನೆಯ ನಂತರದ ಭಾಗವನ್ನು ಬ್ರೌಸರ್ ಸರ್ವರಿಗೆ ಕಳುಹಿಸುವುದೇ ಇಲ್ಲವಾದ್ದರಿಂದ ಸರ್ವರಿನ ಪಾಲಿಗೆ ಎಲ್ಲ ಪುಸ್ತಕಗಳೂ ಒಂದೇ ಪುಟ. ಸರ್ಚ್ ಎಂಜಿನ್ನುಗಳೂ ಸಾಮಾನ್ಯವಾಗಿ ಆ ಭಾಗವನ್ನು ಬಿಟ್ಟೇ ವಿಳಾಸವನ್ನು ದಾಖಲಿಸಿಕೊಳ್ಳುತ್ತವೆ. ಇದಕ್ಕೆ ಪರಿಹಾರವಾಗಿ ಗೂಗಲ್ 2009ರಲ್ಲಿ ‘#!’ ಎಂಬ ಹ್ಯಾಷ್‌ಬ್ಯಾಂಗ್ ಪದ್ಧತಿಯನ್ನು ಮುಂದಿಟ್ಟಿತು. ಟ್ವಿಟರ್ ಅದನ್ನು ಅಳವಡಿಸಿಕೊಂಡು 2012ರಲ್ಲಿ ಕೈಬಿಟ್ಟಿತು. 2015ರಲ್ಲಿ ಗೂಗಲ್ಲೇ ಆ ಶಿಫಾರಸನ್ನು ಹಿಂತೆಗೆದುಕೊಂಡಿತು. ಅದನ್ನು ನಾನು ಪ್ರಯೋಗಿಸಲೂ ಹೋಗಲಿಲ್ಲ.

ಬ್ರೌಸರಿನ ಭೇಟಿಯ ಇತಿಹಾಸವನ್ನೂ ವಿಳಾಸವನ್ನೂ ಕೋಡಿನಿಂದ ಬದಲಿಸಲು ಬಿಡುವ ಹಿಸ್ಟರಿ ಎಪಿಐ ಹ್ಯಾಷ್ ವಿಧಾನಕ್ಕಿಂತ ಹೆಚ್ಚು ಶಿಸ್ತನ್ನು ಬೇಡುತ್ತದೆ, ಅಷ್ಟೇ ಹೆಚ್ಚಿನ ಫಲವನ್ನೂ ಕೊಡುತ್ತದೆ. ಪುಶ್‌ಸ್ಟೇಟ್ ಎಂಬ ಅದರ ಆದೇಶವನ್ನು ಕರೆದರೆ ಇತಿಹಾಸಕ್ಕೆ ಹೊಸ ನಮೂದು ಸೇರಿ, ಪುಟ ಮರುಲೋಡ್ ಆಗದೆಯೇ ವಿಳಾಸ ‘/ಪುಸ್ತಕ/42’ ಎಂದಾಗುತ್ತದೆ. (ಇಂಥ ಕನ್ನಡ ವಿಳಾಸವನ್ನು ನಕಲು ಮಾಡಿ ಅಂಟಿಸಿದಾಗ ಪ್ರತಿಯೊಂದು ಯೂನಿಕೋಡ್ ಚಿಹ್ನೆಯೂ ಶೇಕಡಾ ಗುರುತು ಸೇರಿದ ಒಂಬತ್ತು ಅಕ್ಷರಗಳಾಗಿ ಹಿಗ್ಗಬಹುದು, ಓದಲು ಅಂದವಿಲ್ಲ, ಆದರೆ ಕೊಂಡಿ ಕೆಡುವುದಿಲ್ಲ.) ಇಲ್ಲಿ ಗಮನಿಸಬೇಕಾದ ಸೂಕ್ಷ್ಮಗಳು ಹಲವು. ಪಾಪ್‌ಸ್ಟೇಟ್ ಈವೆಂಟ್ ಬ್ಯಾಕ್ ಮತ್ತು ಫಾರ್ವರ್ಡ್ ಒತ್ತಿದಾಗ ಬರುತ್ತದೆಯೇ ಹೊರತು ನಾವೇ ಪುಶ್‌ಸ್ಟೇಟ್ ಕರೆದಾಗ ಬರುವುದಿಲ್ಲ, ಆದ್ದರಿಂದ ಪರದೆಯನ್ನು ಬದಲಿಸುವ ಕೆಲಸವನ್ನು ಎರಡೂ ಕಡೆಯಿಂದ ಕರೆಯಬೇಕು. ಹುಡುಕುವ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಪ್ರತಿ ಅಕ್ಷರಕ್ಕೂ ಪುಶ್‌ಸ್ಟೇಟ್ ಕರೆದರೆ ಓದುಗರು ಹಿಂದಿನ ಪುಟಕ್ಕೆ ಹೋಗಲು ಅಷ್ಟೇ ಸಲ ಬ್ಯಾಕ್ ಒತ್ತಬೇಕಾಗುತ್ತದೆ. ಅಲ್ಲಿಗೆ ಹೊಸ ನಮೂದು ಸೇರಿಸದೆ ಇರುವುದನ್ನೇ ಬದಲಿಸುವ ರಿಪ್ಲೇಸ್‌ಸ್ಟೇಟೇ ಸೂಕ್ತ. ಪುಟದ ಶೀರ್ಷಿಕೆಯನ್ನೂ ಪ್ರತ್ಯೇಕವಾಗಿ ಬದಲಿಸದಿದ್ದರೆ ಎಲ್ಲ ಬುಕ್‌ಮಾರ್ಕುಗಳೂ ಒಂದೇ ಹೆಸರಿನಲ್ಲಿ ಸಾಲುಗಟ್ಟುತ್ತವೆ. ಇನ್ನು, ಗೂಗಲ್‌ನ ಕ್ರಾಲರ್ (ವೆಬ್ ಪುಟಗಳನ್ನು ಓದಿ ದಾಖಲಿಸುವ ತಂತ್ರಾಂಶ) ಗುಂಡಿಗಳನ್ನು ಒತ್ತಿ ನೋಡುವುದಿಲ್ಲ. ಎಚ್‌ರೆಫ್ (ಗುರಿಯ ವಿಳಾಸ) ಇರುವ ನಿಜವಾದ ಕೊಂಡಿಗಳನ್ನು ಮಾತ್ರ ಹಿಂಬಾಲಿಸುತ್ತದೆ. ಕೊಂಡಿಯನ್ನು ಹೊಸ ಟ್ಯಾಬಿನಲ್ಲಿ ತೆರೆಯಬಯಸುವ ಓದುಗರಿಗೂ ಬೇಕಾದದ್ದು ಅದೇ.

ಈ ವಿಧಾನದ ನಿಜವಾದ ಪರೀಕ್ಷೆ ರಿಫ್ರೆಶ್ ಒತ್ತಿದಾಗ ನಡೆಯುತ್ತದೆ. ‘/ಪುಸ್ತಕ/42’ ಎಂಬ ಕಡತ ಸರ್ವರಿನಲ್ಲಿ ಇಲ್ಲದಿರುವುದರಿಂದ 404 (‘ಪುಟ ಸಿಗಲಿಲ್ಲ’ ಎಂಬ ಉತ್ತರ) ಬರುತ್ತದೆ. ಎಲ್ಲ ವಿಳಾಸಗಳಿಗೂ ಅದೇ ಎಚ್‌ಟಿಎಂಎಲ್ ಕಡತವನ್ನು ಕೊಡುವಂತೆ ಸರ್ವರನ್ನು ಹೊಂದಿಸಿದರೆ ಬುಕ್‌ಮಾರ್ಕಿನ ಸಮಸ್ಯೆ ತೀರುತ್ತದೆ, ಆದರೆ ಆಗ ಇಲ್ಲದ ಪುಸ್ತಕದ ವಿಳಾಸಕ್ಕೂ ಸರ್ವರ್ 200 ಎಂದೇ ಉತ್ತರಿಸುತ್ತದೆ. ಬಳಕೆದಾರರಿಗೆ ‘ಪುಸ್ತಕ ಸಿಗಲಿಲ್ಲ’ ಎಂದು ತೋರಿಸಿ ಸರ್ಚ್ ಎಂಜಿನ್ನಿಗೆ ‘ಎಲ್ಲವೂ ಸರಿ’ ಎನ್ನುವ ಈ ಸ್ಥಿತಿಗೆ ಸಾಫ್ಟ್ 404 ಎಂದು ಹೆಸರು.

ಪುಟವನ್ನು ಸರ್ವರಿನಲ್ಲೇ ಸಿದ್ಧಪಡಿಸಿ ಕಳುಹಿಸುವ ಸರ್ವರ್ ರೆಂಡರಿಂಗ್ ಗೆಲ್ಲುವುದು ಇಲ್ಲಿಯೇ. ಕೇಳಿದ ಪುಸ್ತಕದ ಶೀರ್ಷಿಕೆ, ವಿವರ, ಕೊಂಡಿಗಳೆಲ್ಲ ಮೊದಲ ಉತ್ತರದಲ್ಲೇ ಸಿದ್ಧವಾಗಿರುತ್ತವೆ. ಇಲ್ಲದ ಪುಸ್ತಕಕ್ಕೆ ನಿಜವಾದ 404 ಹೋಗುತ್ತದೆ. ಗೂಗಲ್‌ನ ಕ್ರಾಲರ್ ಜಾವಾಸ್ಕ್ರಿಪ್ಟನ್ನು ನಡೆಸಬಲ್ಲದು, 2019ರಿಂದ ಅದು ಕ್ರೋಮ್ ಬ್ರೌಸರಿಗೆ ಆಧಾರವಾದ ಕ್ರೋಮಿಯಂನ ಹೊಸ ಆವೃತ್ತಿಗಳನ್ನೇ ಬಳಸುತ್ತಿದೆ ಎಂಬುದು ನಿಜ. ಆದರೂ ಆ ಕೆಲಸ ಪ್ರತ್ಯೇಕ ಸರತಿಯಲ್ಲಿ ನಡೆಯುತ್ತದೆ, ಮತ್ತು ಸಂದೇಶಗಳಲ್ಲಿ ಹಂಚಿದ ಕೊಂಡಿಗೆ ಮುನ್ನೋಟ ಸಿದ್ಧಪಡಿಸುವ ಬಾಟ್‌ಗಳು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟನ್ನು ನಡೆಸುವುದೇ ಇಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ: ಒಂದೇ ಕೋಡ್ ಸರ್ವರಿನಲ್ಲೂ ಬ್ರೌಸರಿನಲ್ಲೂ ನಡೆಯಬೇಕಾಗುತ್ತದೆ, ಪರದೆಯ ಅಗಲವನ್ನೋ ಸ್ಥಳೀಯ ಸಮಯವನ್ನೋ ಅವಲಂಬಿಸಿದ ಭಾಗಗಳಲ್ಲಿ ಎರಡು ಕಡೆಯ ಫಲಿತಾಂಶಗಳು ಹೊಂದದೆ ಹೈಡ್ರೇಶನ್ ದೋಷಗಳು (ಸರ್ವರ್ ಕೊಟ್ಟ ಪುಟಕ್ಕೆ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಜೀವ ತುಂಬುವಾಗಿನ ದೋಷಗಳು) ಏಳುತ್ತವೆ. ಬಾಟ್‌ಗಳಿಗೆ ಮಾತ್ರ ಸಿದ್ಧ ಪುಟಗಳನ್ನು ಕೊಡುವ ಡೈನಾಮಿಕ್ ರೆಂಡರಿಂಗ್ ಉಂಟಾದರೂ ಗೂಗಲ್ಲೇ ಅದನ್ನು ತಾತ್ಕಾಲಿಕ ಉಪಾಯವೆಂದು ಕರೆದಿದೆ.

ಲಾಗಿನ್ ಆದವರಷ್ಟೇ ನೋಡುವ ಅಪ್ಲಿಕೇಶನ್ನಾದರೆ ಹಿಸ್ಟರಿ ಎಪಿಐ ಸಾಕು. ಸರ್ವರಿನ ಮೇಲೆ ಹಿಡಿತವೇ ಇಲ್ಲದಿದ್ದರೆ ಹ್ಯಾಷ್ ಕೂಡ ನಾಚಿಕೆಪಡುವ ಆಯ್ಕೆಯಲ್ಲ. ಸಾರ್ವಜನಿಕ ಪುಟಗಳಿಗೆ ನನ್ನ ಆಯ್ಕೆ ಮಿಶ್ರ ಬಗೆಯದು: ಪಟ್ಟಿ ಮತ್ತು ವಿವರಪುಟಗಳ ಮೊದಲ ಉತ್ತರ ಸರ್ವರಿನಿಂದ, ಆ ನಂತರದ ಓಡಾಟ ಹಿಸ್ಟರಿ ಎಪಿಐ ಮೂಲಕ. ಸೋಸಿದ ಪಟ್ಟಿಯನ್ನು ‘?ವಿಷಯ=ಇತಿಹಾಸ’ ಎಂದು ವಿಳಾಸದ ಕ್ವೆರಿ ಭಾಗದಲ್ಲಿ (‘?’ ನಂತರದ ಭಾಗದಲ್ಲಿ) ಇಟ್ಟರೆ ಅದನ್ನೂ ಬುಕ್‌ಮಾರ್ಕ್ ಮಾಡಬಹುದು. ಜೋಡಣೆಯ ಕ್ರಮವಷ್ಟೇ ಬೇರೆಯಾದ ವಿಳಾಸಗಳು ಕೆನಾನಿಕಲ್ ಟ್ಯಾಗಿನ (ಮುಖ್ಯ ವಿಳಾಸ ಯಾವುದೆಂದು ಸರ್ಚ್ ಎಂಜಿನ್ನಿಗೆ ಹೇಳುವ ಗುರುತಿನ) ಮೂಲಕ ಮೂಲ ಪಟ್ಟಿಯನ್ನು ಸೂಚಿಸಲಿ. ಆದರೆ ಪಟ್ಟಿಯ ಎರಡನೆಯ ಪುಟ ತನ್ನ ವಿಳಾಸವನ್ನೇ ಕೆನಾನಿಕಲ್ ಎಂದು ಹೇಳಿಕೊಳ್ಳಬೇಕು, ಏಕೆಂದರೆ ಅಲ್ಲಿರುವ ಪುಸ್ತಕಗಳು ಮೊದಲನೆಯ ಪುಟದಲ್ಲಿ ಇರುವುದಿಲ್ಲ.