ಅಪ್ಪನ ಗಂಟಲಿಗೆ ಊದುವ ವ್ಯಾಯಾಮ: ಇಎಂಎಸ್‌ಟಿ 150, ಹದಿನಾಲ್ಕು ತಿಂಗಳ ನಂತರ

ಊಟದ ನಡುವೆ ಅಪ್ಪನಿಗೆ ನೆತ್ತಿಗೆ ಹತ್ತಿದರೆ ಅಮ್ಮ ‘ಯಾರೋ ನೆನೆಸಿಕೊಳ್ಳುತ್ತಿದ್ದಾರೆ’ ಎಂದು ತಲೆ ತಟ್ಟುತ್ತಿದ್ದರು. ಅದು ದಿನಕ್ಕೆ ನಾಲ್ಕೈದು ಸಲ ಆಗತೊಡಗಿ, ನೀರು ಕುಡಿದ ಮೇಲೆ ದನಿಯೂ ಗೊರಗೊರ ಎನ್ನತೊಡಗಿದಾಗ ನನಗೆ ಭಯ ಹತ್ತಿತು. ಅಪ್ಪನಿಗೆ ಪಾರ್ಕಿನ್ಸನ್ ಇದೆ. ನುಂಗುವುದನ್ನು ಎಕ್ಸ್‌ರೇಯಲ್ಲಿ ನೋಡಿದ ವಾಕ್ ಚಿಕಿತ್ಸಕರು ಇಎಂಎಸ್‌ಟಿ 150 ಬರೆದುಕೊಟ್ಟರು. ಉಸಿರು ಹೊರಬಿಡುವ ಸ್ನಾಯುಗಳನ್ನು ಬಲಪಡಿಸಲು ಬಾಯಲ್ಲಿಟ್ಟು ಊದುವ ಪುಟ್ಟ ಕೊಳವೆ ಅದು.

ಮೊದಲು ಎಡವಿದ್ದು ಔಷಧಿ ಅಂಗಡಿಯಲ್ಲಿ. ಮೂರು ಚೆಂಡುಗಳ ಸ್ಪೈರೋಮೀಟರ್ ಕೊಟ್ಟು ‘ಎರಡೂ ಒಂದೇ’ ಎಂದರು. ಖಂಡಿತ ಒಂದೇ ಅಲ್ಲ. ಅದರಲ್ಲಿ ಉಸಿರನ್ನು ಒಳಗೆಳೆಯಬೇಕು, ಇದರಲ್ಲಿ ಊದಬೇಕು. ಕೊಳವೆಯೊಳಗಿನ ಕವಾಟವನ್ನು ಸ್ಪ್ರಿಂಗ್ ಅದುಮಿ ಹಿಡಿದಿರುತ್ತದೆ. ತಿರುಪು ಬಿಗಿಮಾಡಿದಷ್ಟೂ ಅದನ್ನು ತೆರೆಯಲು ಹೆಚ್ಚು ಬಲ ಬೇಕು. ಅಳತೆ 30ರಿಂದ 150 ಸೆಂಟಿಮೀಟರ್ ನೀರಿನ ಒತ್ತಡ. ಅಪ್ಪ ಊದಬಲ್ಲ ಗರಿಷ್ಠ ಒತ್ತಡದ ಶೇ 75ಕ್ಕೆ ಚಿಕಿತ್ಸಕರೇ ತಿರುಪು ಇಟ್ಟುಕೊಟ್ಟರು.

ಮೂಗಿಗೆ ಕ್ಲಿಪ್ ಹಾಕಿ, ಗಾಳಿ ಸೋರದಂತೆ ಕೆನ್ನೆಗಳನ್ನು ಬೆರಳಿನಿಂದ ಒತ್ತಿಕೊಂಡು ಒಮ್ಮೆಲೇ ಊದಬೇಕು. ಬುಸ್ಸೆಂದು ಗಾಳಿ ನುಗ್ಗಿದರೆ ಅದು ಲೆಕ್ಕಕ್ಕೆ ಬಂತು. ಆ ಕ್ಷಣ ಅಪ್ಪನ ಗದ್ದದ ಕೆಳಗೆ ಬೆರಳಿಟ್ಟರೆ ಸ್ನಾಯು ಬಿಗಿಯುವುದು ತಿಳಿಯುತ್ತದೆ. ನುಂಗುವಾಗ ಗಂಟಲನ್ನು ಮೇಲೆತ್ತುವುದೂ ಅದೇ. ಐದೈದು ಸಲದ ಐದು ಸುತ್ತು, ವಾರಕ್ಕೆ ಐದು ದಿನ.

60 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕೇ ವಾರದ ಅಭ್ಯಾಸದಿಂದ ನುಂಗುವುದು ಸುಧಾರಿಸಿತ್ತು. ನಮ್ಮ ಮನೆಯಲ್ಲಿ ಏಳನೆಯ ವಾರ ಮೊದಲು ಬದಲಾದದ್ದು ಕೆಮ್ಮು. ಹಿಂದೆ ಪಕ್ಕದ ಕೋಣೆಗೂ ಕೇಳದಷ್ಟು ಸೊರಗಿತ್ತು. ಈಗ ಒಂದೇ ಕೆಮ್ಮಿಗೆ ಗಂಟಲು ತಿಳಿಯಾಗುತ್ತದೆ. ಉಸಿರುನಾಳಕ್ಕೆ ಜಾರಿದ ಅಗುಳನ್ನು ಹೊರದಬ್ಬುವ ಬಲ ಅದು. ಅದೊಂದಕ್ಕೇ ಕೊಟ್ಟ ಹಣ ಸಾರ್ಥಕ ಎನ್ನುತ್ತೇನೆ. ಸಾರನ್ನಕ್ಕೆ 50 ನಿಮಿಷ ಹಿಡಿಯುತ್ತಿದ್ದದ್ದು 30ಕ್ಕೆ ಇಳಿದಿದೆ. ನೀರನ್ನು ಮಾತ್ರ ಈಗಲೂ ಮಂದ ಮಾಡಿಯೇ ಕೊಡುತ್ತೇವೆ.

ತಂಗಿಯ ಮದುವೆಯ ಓಡಾಟದಲ್ಲಿ ಎರಡು ತಿಂಗಳು ಬಿಟ್ಟೆವು. 75 ಸೆಂಟಿಮೀಟರ್ ಒತ್ತಡದಲ್ಲಿ ಊದುತ್ತಿದ್ದವರು 55ಕ್ಕೆ ಜಾರಿದರು, ಊಟದಲ್ಲಿ ಕೆಮ್ಮು ಮತ್ತೆ ಶುರುವಾಯಿತು. ಅಂದಿನಿಂದ ಅಪ್ಪನೇ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾರೆ.

ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಊದಬಾರದು. ತೀರ ನಿತ್ರಾಣರಾದವರಿಗೆ 30ರ ಒತ್ತಡವೂ ಭಾರ. ಅವರಿಗಾಗಿ 75ರವರೆಗಿನ ಹಗುರ ಮಾದರಿ ಬೇರೆ ಇದೆ. ಯಾವುದನ್ನೇ ಕೊಳ್ಳುವ ಮೊದಲು ನುಂಗುವ ಪರೀಕ್ಷೆ ಮಾಡಿಸಿಕೊಳ್ಳಿ.