ಪೂರ್ತಿ ಆಕ್ಸಲ್ಲೋ, ಬರೀ ಔಟರ್ ಜಾಯಿಂಟೋ: ಒಂದೇ ಕಾರಿನ ಎರಡು ಬದಿ

ನನ್ನ ಕಾರಿನ ಎಡಬದಿಗೆ ಎರಡು ವರ್ಷಗಳ ಹಿಂದೆ ಆಕ್ಸಲ್ಲನ್ನೇ, ಅಂದರೆ ಗೇರ್‌ಬಾಕ್ಸಿನಿಂದ ಚಕ್ರವನ್ನು ತಿರುಗಿಸುವ, ಎರಡು ತುದಿಗೂ ಜಾಯಿಂಟ್ ಇರುವ ಶಾಫ್ಟನ್ನು, ಪೂರ್ತಿ ಬದಲಾಯಿಸಿ ಕಂಪನಿಯದಲ್ಲದ ಲೋಕಲ್ ಮಾಲು ಹಾಕಿಸಿದ್ದೆ. ಬಲಬದಿಗೆ ಈ ಸಲ ಕಕ್ಕಡದ (ನಮ್ಮ ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಕಡಿಮೆಯಾದ ಮೇಲೆ ಚಕ್ರದ ಕಡೆಯ ಸಿವಿ ಜಾಯಿಂಟನ್ನು, ಅಂದರೆ ಬಾಗಿದಾಗಲೂ ಸಮವಾಗಿ ತಿರುಗುವ ಔಟರ್ ಜಾಯಿಂಟನ್ನು, ಮಾತ್ರ ಬದಲಾಯಿಸಿದೆ. ಎರಡೂ ಒಂದೇ ರಸ್ತೆಯಲ್ಲಿ ಓಡಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ಎಡಬದಿಗೆ ಸುರಿದ ಹಣ ದಂಡ.

ಎರಡೂ ಕಡೆ ಕೆಟ್ಟ ರೀತಿ ಒಂದೇ. ಚಕ್ರದ ಕಡೆಯ ಜಾಯಿಂಟ್ ಸುಮಾರು 45 ಡಿಗ್ರಿಯವರೆಗೆ ಬಾಗಿಯೂ ತಿರುಗಬೇಕಾದದ್ದು. ನಮ್ಮ ತಿರುವುಗಳಲ್ಲಿ ಅದರ ಗ್ರೀಸನ್ನು ಹಿಡಿದಿಡುವ ರಬ್ಬರ್ ಹೊದಿಕೆ, ಅಂದರೆ ಬೂಟ್, ಮತ್ತೆ ಮತ್ತೆ ಬಾಗಿ, ಕೊನೆಗೆ ಮಡಿಕೆಯಲ್ಲಿ ಸೀಳುತ್ತದೆ. ಗ್ರೀಸು ರಿಮ್ಮಿನ ಒಳಮೈಗೆ ಕಪ್ಪು ಪಟ್ಟಿಯಂತೆ ಸಿಡಿದಿತ್ತು. ನಾಪೋಕ್ಲು ಕಡೆಯ ತೋಟದ ರಸ್ತೆಯ ಕೆಸರು ಅದೇ ಸೀಳಿನಿಂದ ಒಳಹೊಕ್ಕಿತ್ತು. ಬಿಚ್ಚಿ ತೊಳೆದಾಗ, ಆರು ಗುಂಡುಗಳು ಓಡಾಡುವ ಹಳ್ಳಗಳಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕೇಳುತ್ತಿದ್ದ ಟಕಟಕ ಸದ್ದು ಆ ಗುಳಿಗಳದ್ದೇ.

ಲೋಕಲ್ ಆಕ್ಸಲ್ಲಿಗೆ ನಾನು ಕೊಟ್ಟದ್ದು 4,200 ರೂಪಾಯಿ. ಒಳಗಿನ ಜಾಯಿಂಟ್, ಹೊರಗಿನ ಜಾಯಿಂಟ್, ಎರಡು ಬೂಟ್ ಎಲ್ಲವೂ ಹೊಸದೆಂಬ ಮಾತಿಗೆ ಮರುಳಾದೆ. ಟಕಟಕ ಅಂದೇ ನಿಂತಿತು. ಮೂರು ವಾರ ಕಳೆದು ಮಂಗಳೂರಿನಿಂದ ಮರಳುವಾಗ, ಸಂಪಾಜೆ ದಾಟಿ ಘಾಟಿ ಹತ್ತುತ್ತಾ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಕಾರಿನ ಮುಂಭಾಗ ಎಡಕ್ಕೂ ಬಲಕ್ಕೂ ನಡುಗತೊಡಗಿತು; ಕಾಲು ತೆಗೆದರೆ ಏನೂ ಇಲ್ಲ. ಕುಶಾಲನಗರದ ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋದರೂ ಏನೂ ಇಲ್ಲ. ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ, ಎಂಜಿನ್ ಕೂರುವ ಒಂದು ಮೌಂಟನ್ನೂ ಬದಲಾಯಿಸಿದೆ, ನಡುಕ ಹೋಗಲಿಲ್ಲ.

ಕೊನೆಗೆ ಮಡಿಕೇರಿಯ ಮೆಕ್ಯಾನಿಕ್ಕೊಬ್ಬರು ಕಾರನ್ನು ಎತ್ತಿ ನಿಲ್ಲಿಸಿ, ಎಡಗಡೆಯ ಶಾಫ್ಟನ್ನು ಹಿಡಿದು ಅಲ್ಲಾಡಿಸಿ ತೋರಿಸಿದರು. ಗೇರ್‌ಬಾಕ್ಸಿನ ಕಡೆಯ ಜಾಯಿಂಟಿನಲ್ಲಿ ಮೂರು ರೋಲರುಗಳು ಮೂರು ಹಳ್ಳಗಳಲ್ಲಿ ಜಾರುತ್ತವೆ. ಅಲ್ಲಿ ಸಡಿಲವಿದ್ದರೆ ಭಾರ ಬಿದ್ದಾಗ ಪ್ರತಿ ಸುತ್ತಿಗೂ ಮೂರು ಸಲ ತಳ್ಳಾಟವಾಗುತ್ತದೆ, ಆದ್ದರಿಂದಲೇ ಏರಿನಲ್ಲಿ ಮಾತ್ರ ನಡುಕ. 90,000 ಕಿಲೋಮೀಟರ್ ಓಡಿದ್ದ ಬಲಗಡೆಯ ಮೂಲ ಜಾಯಿಂಟಿನಲ್ಲಿ ಎಡಗಡೆಯದರ ಅರ್ಧದಷ್ಟೂ ಸಡಿಲವಿರಲಿಲ್ಲ. "ಹಳೇ ಶಾಫ್ಟ್ ಎಲ್ಲಿ ಸಾರ್?" ಎಂದು ಕೇಳಿದರು. ಅದನ್ನು ನಾನೇ ಗುಜರಿಗೆ ಕೊಟ್ಟಿದ್ದೆ. ಅದರ ಒಳಗಿನ ಜಾಯಿಂಟಿಗೆ ಏನೂ ಆಗಿರಲಿಲ್ಲ ಎಂಬುದು ಈಗಲೂ ಹೊಟ್ಟೆ ಉರಿಸುವ ಸಂಗತಿ. ಅಂಗಡಿಯವರಾದರೋ ಗಾಡಿಗೆ ಹಾಕಿದ ಮಾಲು ವಾಪಸ್ ಇಲ್ಲವೆಂದರು.

ಬಲಬದಿಯ ಔಟರ್ ಜಾಯಿಂಟ್ ಕಿಟ್‌ಗೆ 2,300 ರೂಪಾಯಿ ಆಯಿತು. ಬೂಟ್, ಕ್ಲಿಪ್ಪುಗಳು, ಗ್ರೀಸು, ಹೊಸ ನಟ್ಟು ಎಲ್ಲವೂ ಅದರಲ್ಲೇ ಇದ್ದವು. ಶಾಫ್ಟನ್ನು ತೊಳೆದು ಒರೆಸಿ ಕೂರಿಸಬೇಕಾದ್ದರಿಂದ ಕೂಲಿ ಸ್ವಲ್ಪ ಹೆಚ್ಚು. ಹಬ್ಬಿನ ನಟ್ಟನ್ನು ಅಂದಾಜಿನಲ್ಲಿ ಬಿಗಿಯದೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲೇ ಬಿಗಿಸಿ. ಬ್ರೇಕಿನ ಎಬಿಎಸ್‌ಗೆ ಚಕ್ರದ ವೇಗ ತಿಳಿಸುವ ಹಲ್ಲಿನ ರಿಂಗ್ ಜಾಯಿಂಟಿನ ಮೇಲೆಯೇ ಇರುವ ಕಾರಾದರೆ ಹಲ್ಲುಗಳನ್ನು ಎಣಿಸಿ, ಹಳೆಯದಕ್ಕೆ ತಾಳೆ ನೋಡಿಯೇ ಕೊಳ್ಳಿ.

ಜಾಯಿಂಟ್ ಬಿಚ್ಚದೆ ಅಂಟಿಸುವ ಬೂಟನ್ನೂ ಒಮ್ಮೆ ಹಾಕಿಸಿದ್ದೆ. ಹತ್ತೊಂಬತ್ತನೇ ದಿನಕ್ಕೆ ಅಂಟು ಬಿಟ್ಟುಕೊಂಡಿತು. ಗುಜರಿ ಆಕ್ಸಲ್ ಎಷ್ಟು ಓಡಿದೆಯೆಂದು ಯಾರಿಗೆ ಗೊತ್ತು? ಕಂಪನಿಯ ಪೂರ್ತಿ ಆಕ್ಸಲ್ಲಿನ ಬಗ್ಗೆ ಬೆಲೆಯ ಹೊರತು ತಕರಾರಿಲ್ಲ, ಆದರೆ ನನಗೆ ಹೇಳಿದ್ದು 9,500.

ಭಾನುವಾರ ಕಾರು ತೊಳೆಯುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು ಬೂಟಿನ ಮಡಿಕೆಗಳನ್ನು ನೋಡುವ ಅಭ್ಯಾಸ ನನಗಿರುವುದರಿಂದ ಬರೀ ಜಾಯಿಂಟ್ ಬದಲಾಯಿಸುವುದೇ ನನಗೆ ಸರಿ. ಕೆಸರು ಒಳಹೋಗುವ ಮೊದಲೇ ಸೀಳು ಕಂಡರೆ ಬೂಟು, ಗ್ರೀಸಿನಲ್ಲೇ ಕೆಲಸ ಮುಗಿಯುತ್ತದೆ. ಸರ್ವಿಸಿಗಲ್ಲದೆ ಕಾರಿನ ಅಡಿ ನೋಡದವರು ದುಡ್ಡು ಹೊಂದಿಸಿ ಕಂಪನಿಯದ್ದನ್ನೇ ಹಾಕಿಸುವುದು ಒಳ್ಳೆಯದು. ನನ್ನ ಎಡಬದಿಗೂ ಈಗ ಅದೇ ಗತಿ, ಉಳಿಸಿಕೊಳ್ಳಲು ಹಳೆಯ ಶಾಫ್ಟ್ ಇಲ್ಲವಲ್ಲ. ಪುತ್ತರಿ (ಹುತ್ತರಿ) ಹಬ್ಬದೊಳಗೆ ಹಣ ಹೊಂದಿಸಬೇಕು. ಅಲ್ಲಿಯವರೆಗೆ ಸಂಪಾಜೆ ಘಾಟಿಯನ್ನು ಕಾಲು ಹಗುರ ಮಾಡಿಯೇ ಹತ್ತುತ್ತಿದ್ದೇನೆ.